ದೇವಗಡ ದೀಪಸ್ತಂಭ

ಉತ್ತರ ಕನ್ನಡ ಜಿಲ್ಲೆಯ ಕಾರವಾರ ಬಂದರಿನ ಎದುರು, ಅರಬ್ಬೀ ಸಮುದ್ರದ ದೇವಗಡ ನಡುಗಡ್ಡೆಯ ಮೇಲಿರುವ ಐತಿಹಾಸಿಕ ದೀಪಸ್ತಂಭ. ಬ್ರಿಟಿಷರು ಈ ಬಂಡೆಗಳ ಸಮೂಹವನ್ನು ಆಯ್‌ಸ್ಟರ್ ರಾಕ್ಸ್ ಎಂದು ಕರೆದುದರಿಂದ ಆ ಹೆಸರಿನಲ್ಲಿಯೂ ಪ್ರಸಿದ್ಧ.

ಹಿನ್ನೆಲೆ: 1862ರಲ್ಲಿ ಉತ್ತರ ಕನ್ನಡವು ಮದ್ರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಮೆರಿಕದ ಅಂತರ್ಯುದ್ಧದಿಂದ (1861-65) ಹತ್ತಿಗೆ ಬೇಡಿಕೆ ಏರಿದ್ದ ಆ ಕಾಲದಲ್ಲಿ, ಧಾರವಾಡ ಸೀಮೆಯ ಅರಳೆಯನ್ನು ಸಾಗಿಸಲು ಕಾರವಾರವನ್ನು ಬಂದರಾಗಿ ಬೆಳೆಸಲಾಯಿತು. ಹಡಗುಗಳ ಸುರಕ್ಷತೆಗಾಗಿ 1864ರಲ್ಲಿ ದೀಪಸ್ತಂಭ ಕಾರ್ಯಾರಂಭ ಮಾಡಿತು.

ರಚನೆ: ಬಿಳಿ ಬಣ್ಣದ, ದುಂಡಾದ ಕಲ್ಲುಗಾರೆಯ ಗೋಪುರ, ಎತ್ತರ ಸುಮಾರು 20 ಮೀ. ನಡುಗಡ್ಡೆಯ ನೆತ್ತಿಯ ಮೇಲೆ ನಿಂತಿರುವುದರಿಂದ ದೀಪವು ಸಮುದ್ರಮಟ್ಟಕ್ಕಿಂತ 60 ಮೀ.ಗೂ ಮೇಲಿದೆ. ಆರಂಭದಲ್ಲಿ ಎಣ್ಣೆಯ ದೀಪ ಉರಿಯುತ್ತಿತ್ತು. ದೀಪವನ್ನು ಸುತ್ತುವರಿದ ಪಟ್ಟಕಗಳು, ಎಂದರೆ ಓರೆಯಾಗಿ ಕಡೆದ ಗಾಜಿನ ಪಟ್ಟಿಗಳು, ಎಲ್ಲೆಡೆ ಚದುರುವ ಬೆಳಕನ್ನು ಬಾಗಿಸಿ ದಿಗಂತದತ್ತ ಕಳುಹಿಸುತ್ತವೆ. ತಲಪಲು ದೋಣಿಯೊಂದೇ ಮಾರ್ಗ. ಮಳೆಗಾಲದಲ್ಲಿ ಬಂಡೆಗಳ ನಡುವೆ ಇಳಿಯುವುದು ಅಪಾಯಕರ.

ಮಹತ್ತ್ವ: ಘಟ್ಟದ ಮೇಲಣ ವ್ಯಾಪಾರಕ್ಕೂ ಕರಾವಳಿಯ ನೌಕಾಯಾನಕ್ಕೂ ಇದ್ದ ನಂಟಿನ ಕುರುಹು. ಯಲ್ಲಾಪುರದ ಅರಬೈಲು ಘಟ್ಟ ಇಳಿದ ಸರಕು ಕಾರವಾರ ಸೇರುತ್ತಿತ್ತು. ಶಿರಸಿಯ ದೇವಿಮನೆ, ಸಿದ್ದಾಪುರದ ದೊಡ್ಮನೆ ಘಟ್ಟಗಳ ಹಾದಿ ಕುಮಟಾ ಬಂದರಿಗೆ ಒಯ್ಯುತ್ತಿತ್ತು. 1880ರ ದಶಕದ ಕೊನೆಗೆ ಗೋವೆಯ ಮರ್ಮಗೋವಾ ಬಂದರಿಗೆ ರೈಲುಮಾರ್ಗ ತೆರೆದ ಮೇಲೆ ಕಾರವಾರದ ಹತ್ತಿ ವ್ಯಾಪಾರ ಕುಗ್ಗಿತು. ಆದರೂ ದೀಪಸ್ತಂಭವು ಹಡಗುಗಳಿಗೂ ಮೀನುಗಾರರಿಗೂ ದಾರಿ ತೋರುವ ಕೆಲಸ ಮುಂದುವರಿಸಿತು. ದೇಶದ ದೀಪಸ್ತಂಭಗಳ ಆಡಳಿತ ಕೇಂದ್ರ ಸರ್ಕಾರದ ದೀಪಸ್ತಂಭ ಮತ್ತು ದೀಪನೌಕೆಗಳ ಮಹಾನಿರ್ದೇಶನಾಲಯಕ್ಕೆ ಸೇರಿದೆ.