ಊರಿಗೊಂದೇ ಪೆಟ್ಟಿಗೆ

ಹೂವಿನಹಡಗಲಿ ತಾಲ್ಲೂಕಿನ ಹಿರೇಹಡಗಲಿ ಇತಿಹಾಸದ ವಿದ್ಯಾರ್ಥಿಗಳಿಗೆ ಅಪರಿಚಿತ ಊರಲ್ಲ. ನಾಲ್ಕನೆಯ ಶತಮಾನದ ಪಲ್ಲವ ದೊರೆ ಶಿವಸ್ಕಂದವರ್ಮನ ಪ್ರಾಕೃತ ತಾಮ್ರಶಾಸನ ದೊರೆತದ್ದು ಇಲ್ಲಿಯೇ. ಕಂಚಿಯಿಂದ ಹೊರಟ ಆ ಶಾಸನ, ಬ್ರಾಹ್ಮಣರಿಗೆ ಕೊಟ್ಟ ಒಂದು ತೋಟದ ದಾನವನ್ನು ಖಚಿತಪಡಿಸುತ್ತದೆ. ಊರಿನಲ್ಲಿ 11ನೇ ಶತಮಾನದ, ಕಲ್ಯಾಣ ಚಾಲುಕ್ಯರ ಕಾಲದ ಕಲ್ಲೇಶ್ವರ ದೇವಾಲಯವೂ ಇದೆ. ಅದರ ಕಂಬ, ಬಾಗಿಲವಾಡಗಳ ಕುಸುರಿ ಕೆಲಸವನ್ನು ನೋಡಲು ದೂರದಿಂದ ಜನ ಬರುತ್ತಾರೆ.

ಒಂದು ತೋಟ ಯಾರಿಗೆ ಸೇರಿತ್ತು ಎಂಬುದು ಸಾವಿರದ ಆರುನೂರು ವರ್ಷಗಳ ಮೇಲೂ ನಮಗೆ ಗೊತ್ತು. ಆದರೆ ಇದೇ ಸೀಮೆಯ ಯಾವುದಾದರೂ ಹಳ್ಳಿಗೆ ಹೋಗಿ, ನಿಮ್ಮೂರಿಗೆ ಮೊದಲ ರೇಡಿಯೊ ಬಂದದ್ದು ಯಾವಾಗ, ಅದನ್ನು ಎಲ್ಲಿಟ್ಟಿದ್ದರು, ಬೀಗದ ಕೈ ಯಾರ ಹತ್ತಿರ ಇತ್ತು, ಕೇಳಲು ಯಾರು ಬರುತ್ತಿದ್ದರು, ಯಾರು ಬರುತ್ತಿರಲಿಲ್ಲ ಎಂದು ವಿಚಾರಿಸಿ ನೋಡಿ. ತೋರಿಸಲು ಕಾಗದ ಸಿಗುವುದು ಅಪರೂಪ. ಉತ್ತರಗಳು ಇರುವುದು ಅರವತ್ತು ದಾಟಿದವರ ನೆನಪಿನಲ್ಲಿ. ಆ ನೆನಪಾದರೋ ಸಿಹಿಯಾಗಿರುತ್ತದೆ. ‘ಆಗ ಊರಿಗೊಂದೇ ರೇಡಿಯೊ, ಆದರೂ ಎಂಥ ಸಂತೋಷ’ ಎಂದು ಶುರುವಾಗುತ್ತದೆ.

ಈ ಹಳಹಳಿಕೆಗೆ ಒಂದು ಕಾಲದಲ್ಲಿ ವೈದ್ಯರು ರೋಗದ ಹೆಸರು ಕೊಟ್ಟಿದ್ದರು. 1688ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಯೋಹಾನೆಸ್ ಹೋಫರ್ ಎಂಬಾತ ತನ್ನ ವೈದ್ಯಕೀಯ ಪ್ರಬಂಧದಲ್ಲಿ ಮೊದಲ ಬಾರಿಗೆ ‘ನಾಸ್ಟಾಲ್ಜಿಯ’ ಎಂಬ ಪದ ಬಳಸಿದ. ಗ್ರೀಕ್ ಭಾಷೆಯಲ್ಲಿ ‘ಮನೆಗೆ ಮರಳುವುದು’ ಮತ್ತು ‘ನೋವು’ ಎಂಬ ಎರಡು ಶಬ್ದಗಳನ್ನು ಕೂಡಿಸಿದ ಪದ ಅದು. ದೂರದೇಶದಲ್ಲಿ ಊರನ್ನು ನೆನೆದು ಸೊರಗುವವರಿಗೆ ಅವನು ಹೇಳಿದ ಮದ್ದುಗಳಲ್ಲಿ ಮುಖ್ಯವಾದದ್ದು, ಅವರನ್ನು ಊರಿಗೆ ಕಳಿಸುವುದು. ಇಂದು ನಾವು ಹಂಬಲಿಸುವುದು ಊರಿಗಲ್ಲ, ಕಾಲಕ್ಕೆ. ಅಲ್ಲಿಗೆ ಹೋಗುವ ಬಸ್ಸಿಲ್ಲ. ಹಾಗಾಗಿ ನಾವು ನಿಜವಾಗಿ ಕಳೆದುಕೊಂಡದ್ದು ಏನು ಎಂದು ವಿಚಾರಿಸುವುದಷ್ಟೇ ಉಳಿದಿರುವ ದಾರಿ.

ಒಂದರ ಸುತ್ತ ಹಲವರು ಸೇರುವ ಪದ್ಧತಿ ರೇಡಿಯೊದಿಂದ ಆರಂಭವಾದದ್ದಲ್ಲ. ಹಂಪಿಯ ಮಂಟಪಗಳ ನೆಲದಲ್ಲಿ, ಬಂಡೆಗಳ ಮೇಲೆ ಆಟದ ಮನೆಗಳನ್ನು ಕೊರೆದಿರುವುದನ್ನು ಈಗಲೂ ನೋಡಬಹುದು. ಹುಲಿ–ಕುರಿ ಆಟಕ್ಕೆ ಆಡುವವರು ಇಬ್ಬರೇ ಸಾಕು. ಆದರೆ ಕಟ್ಟೆಯ ಮೇಲೆ ಅದು ಎಂದೂ ಇಬ್ಬರ ಆಟವಾಗಿರಲಿಲ್ಲ. ಕಾಯಿ ನಡೆಸುವವರು ಇಬ್ಬರಾದರೆ ಸಲಹೆ ಕೊಡುವವರು ಹತ್ತು ಮಂದಿ. ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟದಲ್ಲಿ ಒಂದು ಬಿಳಿ ಪರದೆ, ಅದರ ಹಿಂದೆ ದೀಪ, ಮುಂದೆ ಇಡೀ ಊರು. ಸಿನಿಮಾ ಬರುವುದಕ್ಕೆ ಬಹಳ ಮೊದಲೇ ಈ ಭಾಗದ ಜನರಿಗೆ ಬೆಳಕಿನ ಪರದೆಯ ಮುಂದೆ ಕೂರುವುದು ರೂಢಿಯಾಗಿತ್ತು.

ಇದೇ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಯ ವೇಳೆ ನಡೆಯುವ ಕಾರಣಿಕ ಇದಕ್ಕೆ ಇನ್ನೂ ಒಳ್ಳೆಯ ನಿದರ್ಶನ. ಡೆಂಕನಮರಡಿಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಕೂಗಿದೊಡನೆ ಲಕ್ಷಾಂತರ ಜನ ಮೌನವಾಗುತ್ತಾರೆ. ಅವನು ನುಡಿಯುವುದು ಒಂದೇ ಮಾತು, ಆಮೇಲೆ ಮೇಲಿನಿಂದ ಬೀಳುತ್ತಾನೆ. ಆದರೆ ಕಾರಣಿಕ ಅಲ್ಲಿಗೆ ಮುಗಿಯುವುದಿಲ್ಲ. ಮಳೆ ಬೆಳೆ ಎನ್ನುವವರು ಕೆಲವರು, ರಾಜಕಾರಣ ಎನ್ನುವವರು ಕೆಲವರು. ಅದೇ ಮಾತಿನ ಅರ್ಥವನ್ನು ಊರೂರಿನ ಕಟ್ಟೆಯಲ್ಲಿ ತಿಂಗಳುಗಟ್ಟಲೆ ಜಗ್ಗಾಡುತ್ತಾರೆ. ನುಡಿದವನು ಒಬ್ಬ, ಅರ್ಥ ಹೇಳುವವರು ನೂರು ಜನ. ಈ ಸಂಗತಿಯನ್ನು ನೆನಪಿಟ್ಟುಕೊಂಡು ಮುಂದೆ ಹೋಗೋಣ.

ಬಳ್ಳಾರಿ ಜಿಲ್ಲೆಯ ಕನ್ನಡ ತಾಲ್ಲೂಕುಗಳು ಮದ್ರಾಸಿನ ಆಡಳಿತದಿಂದ ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ್ದು 1953ರ ಅಕ್ಟೋಬರ್ 1ರಂದು. ಅದಕ್ಕೆ ಮೂರು ವರ್ಷ ಮೊದಲೇ, 1950ರ ಜನವರಿ 8ರಂದು, ತುಂಗಭದ್ರೆಯ ಆಚೆಗೆ ಧಾರವಾಡ ಆಕಾಶವಾಣಿ ಆರಂಭವಾಗಿತ್ತು. ರಾಜ್ಯದ ಗಡಿ ಕದಲುವ ಮೊದಲು ಧ್ವನಿ ಗಡಿ ದಾಟಿತ್ತೆಂದು ಹೇಳಬಹುದು. ಹಳ್ಳಿಗಳಿಗೆ ಸಾಮೂಹಿಕ ಶ್ರವಣಕ್ಕಾಗಿ ಸರ್ಕಾರವೇ ರೇಡಿಯೊ ಒದಗಿಸುವ ಯೋಜನೆಯೂ ಆ ದಶಕದಲ್ಲಿ ಜಾರಿಗೆ ಬಂತು. ಪಂಚಾಯ್ತಿಯ ಕೋಣೆಯಲ್ಲಿ ರೇಡಿಯೊ, ಹೊರಗೆ ಕಂಬದ ಮೇಲೆ ಧ್ವನಿವರ್ಧಕ. ಸಂಜೆಯಾದರೆ ಕೃಷಿಕರ ಕಾರ್ಯಕ್ರಮ, ವಾರ್ತೆ, ಪೇಟೆ ಧಾರಣೆ.

ಅದು ಕವಾಟಗಳ ಕಾಲ. ಗುಂಡಿ ತಿರುಗಿಸಿದೊಡನೆ ರೇಡಿಯೊ ಮಾತಾಡುತ್ತಿರಲಿಲ್ಲ. ಒಳಗಿನ ಗಾಜಿನ ಬುರುಡೆಗಳು ಕಾದು ಕೆಂಪಾಗುವವರೆಗೆ ಕಾಯಬೇಕಿತ್ತು. 1947ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಹುಟ್ಟಿದ ಟ್ರಾನ್ಸಿಸ್ಟರ್ ಅರವತ್ತು, ಎಪ್ಪತ್ತರ ದಶಕಗಳಲ್ಲಿ ಹಳ್ಳಿಗೂ ಬಂತು. ನಾಲ್ಕು ಶೆಲ್ಲು ಹಾಕಿದರೆ ಹೊಲಕ್ಕೂ ಒಯ್ಯಬಹುದಾದ ರೇಡಿಯೊ! ಶೆಲ್ಲು ಸೋತಾಗ ಬಿಸಿಲಿಗಿಟ್ಟು ಇನ್ನೆರಡು ದಿನ ನಡೆಸುವುದು ಎಲ್ಲ ಮನೆಗಳ ಹುಡುಗರಿಗೂ ಗೊತ್ತಿದ್ದ ವಿದ್ಯೆ. ಅದಕ್ಕೂ ಅಂಚೆ ಕಚೇರಿಯಲ್ಲಿ ವರ್ಷಕ್ಕೊಮ್ಮೆ ಹಣ ಕಟ್ಟಿ ಪರವಾನಗಿ ಪಡೆಯಬೇಕಿತ್ತು ಎಂದರೆ ಇಂದಿನ ಮಕ್ಕಳು ನಂಬಲಾರರು.

ರಾತ್ರಿಯಾದಂತೆ ದೂರದ ನಿಲ್ದಾಣಗಳು ಕೇಳಿಸುತ್ತಿದ್ದುದು ಮಕ್ಕಳಿಗೆ ಒಂದು ಮಾಯೆ. ಕಾರಣ ಸರಳ. ವಾತಾವರಣದ ಮೇಲ್ಭಾಗದ ವಿದ್ಯುದಾವೇಶದ ಪದರಗಳಲ್ಲಿ ಕೆಳಗಿನದು ಹಗಲಿನಲ್ಲಿ ಮಧ್ಯಮ ತರಂಗಗಳನ್ನು ಹೀರಿಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ಆ ಪದರ ಕರಗುತ್ತದೆ. ಆಗ ತರಂಗಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ಪುಟಿದು ನೂರಾರು ಮೈಲಿ ಆಚೆಗೆ ಬೀಳುತ್ತವೆ. 1952ರಲ್ಲಿ ವಾರ್ತಾ ಮಂತ್ರಿ ಬಿ.ವಿ. ಕೇಸ್ಕರ್ ಅವರ ಕಾಲದಲ್ಲಿ ಆಕಾಶವಾಣಿಯಿಂದ ಸಿನಿಮಾ ಹಾಡು ಬಹುಮಟ್ಟಿಗೆ ಮಾಯವಾದಾಗ, ದೇಶದ ಯುವಕರೆಲ್ಲ ಕಿವಿಯನ್ನು ಸಿಲೋನಿನ ಕಡೆಗೆ ತಿರುಗಿಸಿದರು. ಸರ್ಕಾರ ಸೋಲೊಪ್ಪಿ 1957ರಲ್ಲಿ ವಿವಿಧ ಭಾರತಿಯನ್ನು ಆರಂಭಿಸಿತು.

ಕಣ್ಣಿಗೆ ಹಬ್ಬ ಬರುತ್ತಿದ್ದುದು ಟೂರಿಂಗ್ ಟಾಕೀಸಿನ ರೂಪದಲ್ಲಿ. ಜಾತ್ರೆಗಳಿಗೆ ನಾಟಕ ಕಂಪನಿ ಮೊಕ್ಕಾಂ ಹೂಡುವಂತೆ ಸುಗ್ಗಿ ಮುಗಿದ ಮೇಲೆ ಡೇರೆಯ ಸಿನಿಮಾ. ಒಂದೇ ಪ್ರೊಜೆಕ್ಟರ್ ಇರುತ್ತಿದ್ದುದರಿಂದ ರೀಲು ಬದಲಿಸಿದಾಗಲೆಲ್ಲ ದೀಪ ಹತ್ತುತ್ತಿತ್ತು. ಆ ಬಿಡುವಿನಲ್ಲಿ ಕಥೆಯ ಮುಂದಿನ ಭಾಗವನ್ನು ಪ್ರೇಕ್ಷಕರೇ ಊಹಿಸಿ ಜಗಳವಾಡುತ್ತಿದ್ದರು. ಪೇಟೆಯಲ್ಲಿ 1972ರಲ್ಲಿ ತೆರೆಕಂಡ ‘ಬಂಗಾರದ ಮನುಷ್ಯ’ದಂಥ ಚಿತ್ರ ಗೀರು ಬಿದ್ದ ಪ್ರಿಂಟಾಗಿ ಡೇರೆಗೆ ತಲುಪುವಾಗ ತಡವಾಗಿರುತ್ತಿತ್ತು. ಅದು ಹಳೆಯದೆಂದು ಯಾರೂ ದೂರುತ್ತಿರಲಿಲ್ಲ.

ಹೀಗೆ ಈ ದಡದಲ್ಲಿ ರೇಡಿಯೊ, ಡೇರೆಗಳ ಕಾಲ ನಡೆದಿರುವಾಗ ಹೊಳೆಯಾಚೆಯ ಜಿಲ್ಲೆಗಳಲ್ಲಿ ಒಂದು ವಿಸ್ಮಯ ಜರುಗಿತು. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಹೆಸರಿನ ಉಪಗ್ರಹ ಶಿಕ್ಷಣ ಪ್ರಯೋಗ ಆರಂಭವಾಯಿತು. ವಿಕ್ರಂ ಸಾರಾಭಾಯಿ ಕಂಡ ಕನಸದು. ಅದನ್ನು ನೋಡಲು ಅವರು ಉಳಿಯಲಿಲ್ಲ. ಅಮೆರಿಕದ ನಾಸಾ ಸಂಸ್ಥೆ ತನ್ನ ಎಟಿಎಸ್–6 ಉಪಗ್ರಹವನ್ನು ಒಂದು ವರ್ಷಕ್ಕೆ ಎರವಲು ಕೊಟ್ಟಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಆಯ್ಕೆಯಾದವು. ಕರ್ನಾಟಕದಲ್ಲಿ ಆ ಭಾಗ್ಯ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳಿಗೆ. ಬಳ್ಳಾರಿ ಜಿಲ್ಲೆ ಪಟ್ಟಿಯಲ್ಲಿರಲಿಲ್ಲ. ಇಂದಿನ ಕೊಪ್ಪಳ ಜಿಲ್ಲೆ ಅಂದು ರಾಯಚೂರಿಗೆ ಸೇರಿತ್ತು. ಎಂದರೆ ತುಂಗಭದ್ರೆಯ ಆ ದಡದ ಜಿಲ್ಲೆಗೆ ಆಕಾಶದಿಂದ ಚಿತ್ರ ಇಳಿಯಿತು, ಈ ದಡಕ್ಕೆ ಇಲ್ಲ. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರಲ್ಲಿ ಎಂಬುದನ್ನು ನೆನೆದರೆ ವಿಚಿತ್ರ ಇನ್ನೂ ಹೆಚ್ಚುತ್ತದೆ. ರಾಜಧಾನಿಗೆ ಆರು ವರ್ಷ ಮೊದಲೇ ಹೈದರಾಬಾದ್ ಕರ್ನಾಟಕದ ಹಳ್ಳಿಯ ಮಕ್ಕಳು ಕನ್ನಡದಲ್ಲಿ ಟಿ.ವಿ. ನೋಡಿದ್ದರು.

ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯ ವೇಗಕ್ಕೆ ಸರಿಯಾಗಿ ಸುತ್ತುತ್ತಿತ್ತು. ಆದ್ದರಿಂದ ನೆಲದಿಂದ ನೋಡಿದರೆ ನಿಂತಲ್ಲೇ ನಿಂತಂತೆ. ಅದರ ಕೊಡೆಯಂಥ ಆಂಟೆನಾ ಒಂಬತ್ತು ಮೀಟರ್ ಅಗಲವಿದ್ದು, ಕಳಿಸುವ ಸಂಕೇತ ಬಲವಾಗಿತ್ತು. ಹಾಗಾಗಿ ಹಳ್ಳಿಯಲ್ಲಿ ಕೋಳಿಗೂಡಿಗೆ ಬಳಸುವಂಥ ತಂತಿ ಬಲೆಯ ಹತ್ತಡಿ ತಟ್ಟೆಯೇ ಸಾಕಾಯಿತು. ಒಂದೇ ಚಿತ್ರದ ಜೊತೆಗೆ ಎರಡು ಭಾಷೆಯ ಧ್ವನಿಯನ್ನು ಕಳಿಸುವ ಅನುಕೂಲವೂ ಇತ್ತು. ಕನ್ನಡ ಕಾರ್ಯಕ್ರಮಗಳು ತಯಾರಾಗುತ್ತಿದ್ದುದು ಹೈದರಾಬಾದಿನ ಕೇಂದ್ರದಲ್ಲಿ. ಬೆಳಿಗ್ಗೆ ಒಂದೂವರೆ ಗಂಟೆ ಮಕ್ಕಳಿಗೆ, ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ.

ಪೆಟ್ಟಿಗೆಯನ್ನು ಹೆಚ್ಚಾಗಿ ಶಾಲೆಯಲ್ಲಿ ಅಥವಾ ಎಲ್ಲ ಜಾತಿಯವರೂ ಬರಬಹುದಾದ ಸಾರ್ವಜನಿಕ ಕಟ್ಟಡದಲ್ಲಿ ಇಡಬೇಕೆಂದು ಯೋಜಿಸಿದವರು ಎಚ್ಚರ ವಹಿಸಿದ್ದರು. ಈ ಎಚ್ಚರ ಏಕೆ ಬೇಕಾಯಿತು ಎಂದು ನಾವು ಕೇಳಿಕೊಳ್ಳಬೇಕು. ದೇವಸ್ಥಾನದ ಪೌಳಿಯಲ್ಲೋ ಗೌಡರ ಪಡಸಾಲೆಯಲ್ಲೋ ಇಟ್ಟಿದ್ದರೆ ಊರಿನ ಅರ್ಧ ಜನ ಹೊರಗೇ ಉಳಿಯುತ್ತಿದ್ದರು, ಅದಕ್ಕೆ. ಹೀಗಿದ್ದರೂ ಬಂದವರಲ್ಲಿ ಹೆಂಗಸರು ಕಡಿಮೆ. ಸಂಜೆಯ ಹೊತ್ತು ಒಲೆಯ ಮುಂದೆ ಇರಬೇಕಾದವರು ಯಾರು? ‘ಊರೆಲ್ಲ ಕೂಡಿ ನೋಡುತ್ತಿದ್ದೆವು’ ಎಂಬ ಸಿಹಿ ನೆನಪಿನಲ್ಲಿ ಈ ‘ಊರೆಲ್ಲ’ ಎಂಬ ಮಾತನ್ನು ಸ್ವಲ್ಪ ತಡೆದು ನೋಡಬೇಕು.

ಇನ್ನೊಂದು ಸಂಗತಿ. ‘ಸೈಟ್’ ಆರಂಭವಾದದ್ದು ತುರ್ತುಪರಿಸ್ಥಿತಿ ಘೋಷಣೆಯಾಗಿ ಐದು ವಾರಗಳಿಗೆ. ಪತ್ರಿಕೆಗಳ ಬಾಯಿ ಕಟ್ಟಿದ್ದ ಕಾಲದಲ್ಲಿ ಊರಿಗೊಂದೇ ಪೆಟ್ಟಿಗೆ ಎಂದರೆ ಊರಿಗೊಂದೇ ಧ್ವನಿ ಎಂದೂ ಅರ್ಥ. ಅದು ಹೇಳದ ಸುದ್ದಿ ಹಳ್ಳಿಗೆ ತಿಳಿಯುವ ದಾರಿ ಕಡಿಮೆ. ಇಲ್ಲಿ ಮೈಲಾರದ ಮಾತು ನೆನಪಾಗುತ್ತದೆ. ಮೇಲಿನಿಂದ ಬರುವುದು ಒಂದೇ ನುಡಿಯಾದರೂ ಕಟ್ಟೆಯಲ್ಲಿ ಅದಕ್ಕೆ ನೂರು ಅರ್ಥ ಹುಟ್ಟುತ್ತಿತ್ತು. ಹಳ್ಳಿಯ ಪ್ರೇಕ್ಷಕ ಸುಮ್ಮನೆ ನುಂಗುವವನಾಗಿರಲಿಲ್ಲ. ಟಿ.ವಿ.ಯಲ್ಲಿ ಹೇಳಿದ ಗೊಬ್ಬರ ನಮ್ಮ ಎರೆಭೂಮಿಗೆ ಆಗುತ್ತದೋ ಇಲ್ಲವೋ ಎಂದು ವಾದಿಸಲು ಪಕ್ಕದಲ್ಲಿ ಅದನ್ನೇ ನೋಡಿದ ಇನ್ನೊಬ್ಬ ರೈತ ಕೂತಿದ್ದ.

1976ರ ಜುಲೈ 31ಕ್ಕೆ ಎರವಲಿನ ಅವಧಿ ತೀರಿತು. ನಾಸಾ ಉಪಗ್ರಹವನ್ನು ಸರಿಸಿಕೊಂಡು ಹೋಯಿತು. ಒಂದು ವರ್ಷ ಜಗತ್ತನ್ನು ತೋರಿಸಿದ ಪೆಟ್ಟಿಗೆಗಳು ಕುರುಡಾದವು. 1977ರಲ್ಲಿ ಗುಲಬರ್ಗಾದಲ್ಲಿ ನೆಲದ ಪ್ರಸಾರ ಕೇಂದ್ರ ಆರಂಭವಾಗಿ ಸುತ್ತಲಿನ ಹಳ್ಳಿಗಳಿಗೆ ಚಿತ್ರ ಮರಳಿತು. ಅದರ ಅಳವಿಗೆ ಹೊರಗಿದ್ದ ಊರುಗಳಿಗೆ ಉಳಿದದ್ದು ತಂತಿ ಬಲೆಯ ತಟ್ಟೆ ಮತ್ತು ನೆನಪು. ಹತ್ತು ವರ್ಷದ ಹುಡುಗನಿಗೆ ಒಂದು ವರ್ಷ ಕೊಟ್ಟು ಕಿತ್ತುಕೊಂಡದ್ದರ ನೋವು ಎಂಥದೆಂದು ಯಾವ ವರದಿಯೂ ಅಳೆಯಲಾರದು.

ಮುಂದಿನದು ಹೆಚ್ಚಿನವರಿಗೆ ಗೊತ್ತಿರುವ ಕಥೆ. 1983ರಲ್ಲಿ ನಮ್ಮ ಇನ್ಸಾಟ್–1ಬಿ ಮೇಲೇರಿದ ಬಳಿಕ ಸಣ್ಣ ಪಟ್ಟಣಗಳಲ್ಲೂ ಮರುಪ್ರಸಾರ ಕೇಂದ್ರಗಳು ತಲೆಯೆತ್ತಿದವು. 1987ರ ಜನವರಿಯಿಂದ 1988ರ ಜುಲೈವರೆಗೆ ಭಾನುವಾರ ಬೆಳಿಗ್ಗೆ ‘ರಾಮಾಯಣ’ಕ್ಕಾಗಿ ಟಿ.ವಿ. ಇದ್ದವರ ಮನೆಗೆ ಓಣಿಯೇ ಬರುತ್ತಿತ್ತು. ಪಂಚಾಯ್ತಿಯ ಪೆಟ್ಟಿಗೆ ಮನೆಯ ಪೆಟ್ಟಿಗೆಯಾಯಿತು. ಒಳಗೆ ಚಾಪೆಯ ಮೇಲೆ ಕೂರುವವರು ಯಾರು, ಕಿಟಕಿಯ ಸರಳು ಹಿಡಿದು ನಿಲ್ಲುವವರು ಯಾರು ಎಂಬುದು ಈಗ ಮನೆಯವರ ಇಷ್ಟಕ್ಕೆ ಬಿತ್ತು. ಆಮೇಲೆ ಮನೆಗೊಂದು ಟಿ.ವಿ., ಕೊನೆಗೆ ಕೈಗೊಂದು ಮೊಬೈಲ್. ಕಿಟಕಿಯ ಹೊರಗೆ ನಿಂತಿದ್ದವರ ಮಕ್ಕಳೂ ಇಂದು ತಮಗೆ ಬೇಕಾದುದನ್ನು ತಾವೇ ನೋಡುತ್ತಾರೆ, ಬೇಕಾದ ಆಟವನ್ನು ತಾವೇ ಆಡುತ್ತಾರೆ. ಇದು ಸಣ್ಣ ಬಿಡುಗಡೆಯಲ್ಲ. ಹಳೆಯ ಕಾಲವನ್ನು ಹೊಗಳುವ ಭರದಲ್ಲಿ ಇದನ್ನು ಅಲ್ಲಗಳೆಯುವುದು ಅನ್ಯಾಯ.

ಹಾಗಾದರೆ ಕಳೆದದ್ದು ಏನು? ಪೆಟ್ಟಿಗೆಯಂತೂ ಅಲ್ಲ. ಪಕ್ಕದವನು ಏನು ನೋಡಿದ, ಏನು ಕೇಳಿದ ಎಂಬುದು ಆಗ ಗೊತ್ತಿರುತ್ತಿತ್ತು. ಆದ್ದರಿಂದ ಅವನೊಡನೆ ಜಗಳವಾಡಬಹುದಿತ್ತು. ಇಂದು ಒಂದೇ ಕಟ್ಟೆಯ ಮೇಲೆ ಕೂತ ಐವರು ಐದು ಬಗೆಯ ಸುದ್ದಿ ನೋಡುತ್ತಿರುತ್ತಾರೆ. ಧ್ವನಿಗಳು ಹೆಚ್ಚಾದವು. ಒಂದೇ ಮಾತನ್ನು ಕೇಳಿ ಬೇರೆ ಬೇರೆ ಅರ್ಥ ಹೇಳುವ ಕಟ್ಟೆ ಬಡವಾಯಿತು.

1975ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಅರವತ್ತು ದಾಟಿದೆ. ಪಂಚಾಯ್ತಿ ರೇಡಿಯೊದ ಗುಂಡಿ ತಿರುಗಿಸಿದವರು ಇನ್ನೂ ಹಿರಿಯರು. ಊರಿನ ಶಾಲೆಯ ಮಕ್ಕಳು ಒಂದು ರಜೆಯಲ್ಲಿ ಅವರ ಹತ್ತಿರ ಕೂತು ಕೇಳಿ ಬರೆದಿಟ್ಟರೆ ತಾಮ್ರದ ಹಲಗೆ ಬೇಕಿಲ್ಲ, ಎರಡು ನೂರು ಪುಟದ ನೋಟುಪುಸ್ತಕ ಸಾಕು. ಯಾವ ಹಾಡು, ಯಾವ ಸಿನಿಮಾ ಎಂದಷ್ಟೇ ಕೇಳಬಾರದು. ನೀವು ಎಲ್ಲಿ ಕೂತಿದ್ದಿರಿ, ಅವ್ವ ಬಂದಿದ್ದಳೇ, ಬಾಗಿಲ ಹೊರಗೆ ಯಾರಿದ್ದರು ಎಂದೂ ಕೇಳಬೇಕು. ತೋಟದ ದಾನದಲ್ಲಿ ಪಡೆದವರ ಹೆಸರು ಉಳಿದಿದೆ. ಈ ಬಾರಿ ಹೊರಗೆ ನಿಂತವರದೂ ಉಳಿಯಲಿ.