ಸ್ಥಾವರ ಮತ್ತು ಜಂಗಮ

ಸ್ಥಾವರ ಮತ್ತು ಜಂಗಮ ಎಂಬುವು 12ನೆಯ ಶತಮಾನದ ಶಿವಶರಣರ ಚಿಂತನೆಯಲ್ಲಿ ಒಂದಕ್ಕೊಂದು ಎದುರಾಗಿ ಬಳಕೆಯಾಗಿರುವ ಎರಡು ಪಾರಿಭಾಷಿಕ ಪದಗಳು. ದೇವರನ್ನು ಸೇರಲು ಕಟ್ಟಡವಾಗಲಿ, ಪೂಜಾರಿಯಾಗಲಿ, ವೆಚ್ಚದ ವಿಧಿಗಳಾಗಲಿ ಅನಿವಾರ್ಯವಲ್ಲ. ಭಕ್ತನ ನಿಷ್ಠೆ ಮತ್ತು ನಡತೆಗಳೇ ಸಾಕು ಎಂಬ ನಿಲುವನ್ನು ಈ ಜೋಡಿಪದಗಳು ಸೂಚಿಸುತ್ತವೆ.

ಪದಗಳ ಅರ್ಥ

'ಸ್ಥಾವರ' ಪದವು ನಿಲ್ಲು ಎಂಬ ಅರ್ಥದ ಸಂಸ್ಕೃತ ಧಾತುವಿನಿಂದಲೂ 'ಜಂಗಮ' ಪದವು ಹೋಗು, ಚಲಿಸು ಎಂಬ ಅರ್ಥದ ಧಾತುವಿನಿಂದಲೂ ಬಂದಿವೆ. ಶರಣರ ಬಳಕೆಯಲ್ಲಿ ಸ್ಥಾವರವೆಂದರೆ ದೇವಾಲಯ ಮತ್ತು ಅಲ್ಲಿ ಪ್ರತಿಷ್ಠಾಪಿತವಾದ ಲಿಂಗ. ಜಂಗಮ ಪದಕ್ಕೆ ಒಂದಕ್ಕಿಂತ ಹೆಚ್ಚು ಅರ್ಥಗಳಿವೆ: ಚೈತನ್ಯವುಳ್ಳ ಜೀವ, ಊರೂರು ಸಂಚರಿಸುವ ಶಿವಯೋಗಿ, ಹಾಗೂ ಗುರು ಮತ್ತು ಲಿಂಗಗಳೊಂದಿಗೆ ಅಷ್ಟಾವರಣಗಳಲ್ಲಿ ಒಂದಾದ ಪೂಜ್ಯತತ್ತ್ವ.

ಹಿನ್ನೆಲೆ

ಬಸವಣ್ಣನವರು ಕಳಚೂರಿ ಬಿಜ್ಜಳನ ಆಳ್ವಿಕೆಯಲ್ಲಿ ಕಲ್ಯಾಣದಲ್ಲಿ (ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ) ಭಂಡಾರಿಯಾಗಿದ್ದರು. ಆ ಕಾಲದ ದೇವಾಲಯವು ಕೇವಲ ಪೂಜಾಸ್ಥಾನವಾಗಿರಲಿಲ್ಲ. ಅರಸರೂ ಸಾಮಂತರೂ ವರ್ತಕರೂ ದೇವಾಲಯಗಳಿಗೆ ಬಿಟ್ಟ ಭೂಮಿ ಮತ್ತು ಸುಂಕದ ದತ್ತಿಗಳನ್ನು ಶಾಸನಗಳು ದಾಖಲಿಸಿವೆ. ದೇವಾಲಯವನ್ನು ಕಟ್ಟಿಸುವುದು ಧನಿಕರಿಗೆ ಮಾತ್ರ ಸಾಧ್ಯವಾಗಿತ್ತು. ಅದರೊಳಗೆ ಹೋಗುವ ಅವಕಾಶ ಎಲ್ಲ ಜಾತಿಯವರಿಗೂ ಇರಲಿಲ್ಲ. ಆದ್ದರಿಂದ ಸ್ಥಾವರದ ಪ್ರಶ್ನೆಯು ಶರಣರ ಪಾಲಿಗೆ ತತ್ತ್ವಜಿಜ್ಞಾಸೆ ಮಾತ್ರವಾಗಿರದೆ, ದೇವರ ಸನ್ನಿಧಿ ಯಾರಿಗೆ ದೊರೆಯಬೇಕು ಎಂಬ ಪ್ರಶ್ನೆಯೂ ಆಗಿತ್ತು. ದೇವಾಲಯದ ಒಂದೊಂದು ಅಂಗವನ್ನೂ ಮನುಷ್ಯನ ಅವಯವಗಳಲ್ಲಿ ಕಾಣುವ ಬಸವಣ್ಣನವರ ಪ್ರಸಿದ್ಧ ವಚನವು ಬಡವನ ಪರವಾಗಿ ನುಡಿದ ಉತ್ತರವಾಗಿದೆ.

ಇಷ್ಟಲಿಂಗ

ಈ ವಿಚಾರಕ್ಕೆ ಆಚರಣೆಯ ರೂಪ ದೊರೆತದ್ದು ಇಷ್ಟಲಿಂಗದಲ್ಲಿ. ದೀಕ್ಷೆಯ ಸಮಯದಲ್ಲಿ ಗುರುವಿನಿಂದ ಪಡೆದ ಲಿಂಗವನ್ನು ಭಕ್ತನು ಸದಾ ದೇಹದ ಮೇಲೆ ಧರಿಸುತ್ತಾನೆ. ಎಡ ಅಂಗೈಯಲ್ಲಿರಿಸಿ ತಾನೇ ಪೂಜಿಸುತ್ತಾನೆ. ನಡುವೆ ಅರ್ಚಕನಿಲ್ಲ. ಜನನ, ಮರಣ, ರಜಸ್ಸು, ಎಂಜಲು ಮತ್ತು ಜಾತಿಗಳಿಗೆ ಸಂಬಂಧಿಸಿದ ಪಂಚಸೂತಕಗಳನ್ನು ಶರಣರು ನಿರಾಕರಿಸಿದ್ದರಿಂದ ಪೂಜೆಯ ಹಕ್ಕು ಸ್ತ್ರೀಯರಿಗೂ ತಡೆಯಿಲ್ಲದೆ ದೊರೆಯಿತು. ಮಡಿವಾಳ ಮಾಚಿದೇವ, ಅಂಬಿಗರ ಚೌಡಯ್ಯ, ಡೋಹರ ಕಕ್ಕಯ್ಯ, ಆಯ್ದಕ್ಕಿ ಲಕ್ಕಮ್ಮ ಮೊದಲಾದವರು ಈ ಸಮುದಾಯದಲ್ಲಿ ಗೌರವದ ಸ್ಥಾನ ಪಡೆದರು.

ತಿರುವಾಂಕೂರು ಸಂಸ್ಥಾನದಲ್ಲಿ ದೇವಾಲಯ ಪ್ರವೇಶದ ಘೋಷಣೆ ಹೊರಟದ್ದು 1936ರಲ್ಲಿ. ಅಂಥ ಸುಧಾರಣೆಗಳು ಮುಚ್ಚಿದ ಬಾಗಿಲನ್ನು ತೆರೆಸಿದವು. ಶರಣರ ಮಾರ್ಗ ಬೇರೆ. ಅವರು ಆ ಬಾಗಿಲಿನ ಅಗತ್ಯವನ್ನೇ ಇಲ್ಲವಾಗಿಸಿದರು.

ಕುರುಹಿನ ಮಿತಿ

ಕೈಯಲ್ಲಿನ ಲಿಂಗವೂ ಯಾಂತ್ರಿಕ ಆಚರಣೆಯ ವಸ್ತುವಾದರೆ ಸ್ಥಾವರದಂತೆಯೇ ಆಗುತ್ತದೆ ಎಂಬ ಎಚ್ಚರ ಶರಣರಲ್ಲಿತ್ತು. ಅಲ್ಲಮಪ್ರಭು ಅರಿವನ್ನು ಮರೆತು ಕುರುಹಿಗೆ ಅಂಟಿಕೊಳ್ಳುವುದನ್ನು ಕಟುವಾಗಿ ಟೀಕಿಸಿದ್ದಾರೆ. ಶೂನ್ಯಸಂಪಾದನೆಯಲ್ಲಿ ಬರುವ ನುಲಿಯ ಚಂದಯ್ಯನ ಪ್ರಸಂಗವೂ ಇದನ್ನೇ ಹೇಳುತ್ತದೆ. ಹುಲ್ಲು ಕೊಯ್ಯುವಾಗ ಇಷ್ಟಲಿಂಗ ಜಾರಿ ನೀರಿಗೆ ಬಿದ್ದರೂ ಆತ ಕಾಯಕವನ್ನು ಬಿಡದೆ ಮುಂದೆ ನಡೆದನೆಂದೂ ಲಿಂಗವೇ ಆತನ ಹಿಂದೆ ಬಂದಿತೆಂದೂ ಕಥೆಯಿದೆ.

ಆದರೂ ಚಲಿಸುವುದು ನೆಲೆನಿಲ್ಲುವ ಪ್ರಕ್ರಿಯೆ ತಪ್ಪಲಿಲ್ಲ. ಮುಂದಿನ ಶತಮಾನಗಳಲ್ಲಿ ಮಠಗಳು, ಗದ್ದುಗೆಗಳು, ರಥೋತ್ಸವಗಳು ಬೆಳೆದವು. ಜಂಗಮವೆಂಬ ತತ್ತ್ವವಾಚಕವು ಜಾತಿವಾಚಕವೂ ಆಯಿತು.

ಚಳ್ಳಕೆರೆ ಸೀಮೆಯಲ್ಲಿ

ಉಳ್ಳಾರ್ತಿ ಕಾವಲ್ ಮೊದಲಾದ ಹುಲ್ಲುಗಾವಲುಗಳಿರುವ ಚಳ್ಳಕೆರೆ ತಾಲ್ಲೂಕಿನಲ್ಲಿ ಈ ಎರಡೂ ಮುಖಗಳನ್ನು ಒಟ್ಟಿಗೆ ಕಾಣಬಹುದು. ನಾಯಕನಹಟ್ಟಿಯ ಗುರು ತಿಪ್ಪೇರುದ್ರಸ್ವಾಮಿಯವರು ಸಂಚಾರಿ ಶಿವಯೋಗಿ. ಮಳೆ ಕಡಿಮೆಯಿರುವ ಈ ಬಯಲುಸೀಮೆಯಲ್ಲಿ ಅವರು ಜನರಿಂದ ಕೆರೆಗಳನ್ನು ಕಟ್ಟಿಸಿದರೆಂದೂ ದುಡಿಮೆಗೆ ತಕ್ಕ ಪ್ರತಿಫಲ ದೊರೆಯಬೇಕೆಂದು ಬೋಧಿಸಿದರೆಂದೂ ಪ್ರತೀತಿಯಿದೆ. ಜನಸ್ಮೃತಿಯಲ್ಲಿ ಅವರ ಪೂಜೆಗಿಂತ ಕೆರೆಯ ಕೆಲಸವೇ ಮುಂದಾಗಿ ನಿಂತಿದೆ. ಅಂಥವರ ಹೆಸರಿನಲ್ಲಿ ಇಂದು ಒಳಮಠ ಮತ್ತು ಹೊರಮಠಗಳಿದ್ದು, ಫಾಲ್ಗುಣ ಮಾಸದಲ್ಲಿ ದೊಡ್ಡ ರಥೋತ್ಸವ ನಡೆಯುತ್ತದೆ.

ಶರಣ ಪರಂಪರೆಗೆ ಸೇರದ ಕಾಡುಗೊಲ್ಲರಲ್ಲಿಯೂ ಗಮನಾರ್ಹ ಪದ್ಧತಿಯೊಂದಿದೆ. ಇದೇ ತಾಲ್ಲೂಕಿನ ಕ್ಯಾತಪ್ಪನ ಪರಿಷೆಯಲ್ಲಿ ದೇವರ ಗುಡಿಯನ್ನು ಕಲ್ಲಿನಿಂದಲ್ಲದೆ ಮುಳ್ಳಿನಿಂದ ನಿರ್ಮಿಸುತ್ತಾರೆ. ಭಕ್ತರು ಬರಿಗಾಲಿನಲ್ಲಿ ಅದನ್ನೇರಿ ಕಳಶವನ್ನು ತರುತ್ತಾರೆ. ಆದರೆ ಇಲ್ಲಿ ವಿಧಿಯ ನಿರಾಕರಣೆಯಿಲ್ಲ. ಆದಕಾರಣ ಇದನ್ನು ಜಂಗಮತತ್ತ್ವದೊಂದಿಗೆ ಸಮೀಕರಿಸಲಾಗದು. ಶಾಶ್ವತ ಕಟ್ಟಡವಿಲ್ಲದೆಯೂ ಭಕ್ತಿ ನೆಲೆಗೊಳ್ಳಬಲ್ಲದೆಂಬುದಕ್ಕೆ ಮಾತ್ರ ಇದು ನಿದರ್ಶನ.

ನಂತರದ ಪರಂಪರೆ ಮತ್ತು ಅಧ್ಯಯನ

ಕನಕದಾಸರ ಕೀರ್ತನೆಗಳಲ್ಲಿಯೂ ಶಿಶುನಾಳ ಶರೀಫರ (1819–1889) ತತ್ತ್ವಪದಗಳಲ್ಲಿಯೂ ಬಾಹ್ಯಾಚರಣೆಯ ವಿಮರ್ಶೆ ಮುಂದುವರಿಯಿತು. ಫ. ಗು. ಹಳಕಟ್ಟಿಯವರು 1923ರಲ್ಲಿ 'ವಚನಶಾಸ್ತ್ರಸಾರ'ದ ಮೊದಲ ಭಾಗವನ್ನು ಪ್ರಕಟಿಸಿದ ಬಳಿಕ ವಚನಗಳು ಆಧುನಿಕ ಓದುಗರಿಗೆ ವ್ಯಾಪಕವಾಗಿ ದೊರೆತವು. ಎ. ಕೆ. ರಾಮಾನುಜನ್ ತಮ್ಮ ಅನುವಾದಗ್ರಂಥ 'ಸ್ಪೀಕಿಂಗ್ ಆಫ್ ಶಿವ'ದ (1973) ಪ್ರಸ್ತಾವನೆಯಲ್ಲಿ ಸ್ಥಾವರ-ಜಂಗಮಗಳ ವೈದೃಶ್ಯವನ್ನು ವಿಸ್ತಾರವಾಗಿ ವಿಶ್ಲೇಷಿಸಿದ್ದಾರೆ.