ನೀರೊಳಗಿನ ಎಮ್ಮೆ, ಪೆಟ್ಟಿಗೆಯೊಳಗಿನ ಸೈಕಲ್

ಕಣ್ಣಾರೆ ನೋಡದ ವಸ್ತುವಿಗೆ ಬೆಲೆ ಕಟ್ಟುವುದನ್ನು ನಮ್ಮ ಹಳ್ಳಿಗರು ‘ನೀರಲ್ಲಿರುವ ಎಮ್ಮೆಗೆ ವ್ಯಾಪಾರ ಮಾಡಿದಂತೆ’ ಎಂದು ಆಡಿಕೊಳ್ಳುತ್ತಾರೆ. ಕೆರೆಯಲ್ಲಿ ಮುಳುಗಿ ಕುಳಿತ ಎಮ್ಮೆಯ ಕೊಂಬು ಕಾಣುತ್ತದೆ; ಕಾಲು ಕುಂಟೋ, ಕೆಚ್ಚಲು ಬತ್ತಿದೆಯೋ ತಿಳಿಯುವುದಿಲ್ಲ. ದನಗಳ ಜಾತ್ರೆಯಲ್ಲಿ ರೈತ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾನೆ. ಆಮೇಲಷ್ಟೇ ಹಣದ ಮಾತು. ನೋಡಿ ಕೊಳ್ಳುವುದು ವ್ಯಾಪಾರದ ಮೊದಲ ಪಾಠ.

ಈಗ ಮೊಬೈಲ್ ಪರದೆಯ ಮೇಲಿನ ಚಿತ್ರವನ್ನು ನೋಡಿ ಸೈಕಲ್ ಕೊಳ್ಳುವ ಕಾಲ ಬಂದಿದೆ. ಕೆಲವು ದಿನಗಳಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಯೊಂದು ಮನೆ ಬಾಗಿಲಿಗೆ ಬರುತ್ತದೆ. ಅದರೊಳಗಿರುವುದು ಪೂರ್ತಿ ಸೈಕಲ್ ಅಲ್ಲ. ಹ್ಯಾಂಡಲ್, ಮುಂದಿನ ಚಕ್ರ, ಸೀಟು, ಪೆಡಲ್‌ಗಳನ್ನು ಕೊಂಡವರೇ ಜೋಡಿಸಿಕೊಳ್ಳಬೇಕು. ಜೋಡಿಸಿದ ಮೇಲೆ ಚಕ್ರ ಬ್ರೇಕಿಗೆ ಉಜ್ಜುತ್ತದೆ, ಪೆಡಲ್ ಕಳಚಿ ಬೀಳುತ್ತದೆ, ಇಲ್ಲವೇ ಚೌಕಟ್ಟಿನ ಬೆಸುಗೆಯಲ್ಲೇ ಬಿರುಕು ಕಾಣುತ್ತದೆ. ದೂರು ಕೊಟ್ಟರೆ ಮಾರಿದವನು ತಯಾರಕನನ್ನು ತೋರಿಸುತ್ತಾನೆ. ತಯಾರಕ ಸಾಗಣೆಯವರನ್ನು ತೋರಿಸುತ್ತಾನೆ. ಕಡೆಗೆ ಎಲ್ಲರೂ ಸೇರಿ ‘ನೀವೇ ಸರಿಯಾಗಿ ಜೋಡಿಸಿಲ್ಲ’ ಎಂದು ಕೊಂಡವರತ್ತ ಬೆರಳು ಮಾಡುತ್ತಾರೆ. ಹೊಣೆ ಯಾರದು? ಹೊಸದೆಂದು ತೋರುವ ಈ ಪ್ರಶ್ನೆಯ ಹಿಂದೆ ನಾನೂರು ವರ್ಷಗಳ ಇತಿಹಾಸವಿದೆ.

1603ರಲ್ಲಿ ಇಂಗ್ಲೆಂಡಿನ ನ್ಯಾಯಾಲಯದ ಮುಂದೆ ಒಂದು ಕಲ್ಲಿನ ವ್ಯಾಜ್ಯ ಬಂತು. ಮೇಕೆಯಂಥ ಪ್ರಾಣಿಗಳ ಹೊಟ್ಟೆಯಲ್ಲಿ ಬೆಳೆಯುವ ‘ಬೆಜೋರ್’ ಎಂಬ ಗಟ್ಟಿಗೆ ವಿಷ ಇಳಿಸುವ ಶಕ್ತಿಯಿದೆ ಎಂದು ಆಗಿನವರು ನಂಬಿದ್ದರು. ಅಂಥದ್ದೇ ಕಲ್ಲು ಎಂದು ಹೇಳಿ ಅಕ್ಕಸಾಲಿಗನೊಬ್ಬ 100 ಪೌಂಡಿಗೆ ಒಂದು ಕಲ್ಲನ್ನು ಮಾರಿದ. ಅದು ಬೆಜೋರ್ ಅಲ್ಲವೆಂದು ಕೊಂಡವನು ದಾವೆ ಹೂಡಿದ. ಮಾರಿದವನು ‘ಇದು ಬೆಜೋರ್’ ಎಂದು ಹೇಳಿದ್ದನೇ ಹೊರತು ಖಾತರಿ ಕೊಟ್ಟಿರಲಿಲ್ಲ ಎಂಬ ಕಾರಣಕ್ಕೆ ಕೊಂಡವನು ಸೋತ. ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ತತ್ತ್ವಕ್ಕೆ ಚರಿತ್ರೆಯಲ್ಲಿ ಈ ಮೊಕದ್ದಮೆಯನ್ನೇ ಉದಾಹರಣೆಯಾಗಿ ಕೊಡುತ್ತಾರೆ. ಸಂತೆಯ ವ್ಯಾಪಾರಕ್ಕೆ ಈ ತತ್ತ್ವ ಒಪ್ಪುವಂಥದ್ದೇ. ವಸ್ತು ಎದುರಿಗಿದೆ, ಮುಟ್ಟಿ ನೋಡಬಹುದು. ನೋಡದೆ ಕೊಂಡರೆ ತಪ್ಪು ಯಾರದು?

ಆದರೆ ನೋಡುವ ಅವಕಾಶವೇ ಇಲ್ಲದಿದ್ದರೆ? ಹಡಗಿನ ವ್ಯಾಪಾರ ಬೆಳೆದಂತೆ ಈ ಪ್ರಶ್ನೆ ಎದ್ದಿತು. 1815ರಲ್ಲಿ ಲಂಡನ್ನಿನ ವರ್ತಕನೊಬ್ಬ ಹೊರದೇಶದಿಂದ ಬರುತ್ತಿದ್ದ ರೇಷ್ಮೆಯ ತ್ಯಾಜ್ಯದ ಮೂಟೆಗಳನ್ನು ಕೊಂಡ. ಮಾಲು ಕೈಗೆ ಬಂದಾಗ ಅದು ಆ ಹೆಸರಿನಿಂದ ಮಾರಲು ಯೋಗ್ಯವಾಗಿರಲಿಲ್ಲ. ಮೊಕದ್ದಮೆ ಕೇಳಿದ ನ್ಯಾಯಾಧೀಶ ಲಾರ್ಡ್ ಎಲೆನ್‌ಬರೋ, ಮಾಲನ್ನು ಪರೀಕ್ಷಿಸುವ ಅವಕಾಶವಿಲ್ಲದ ಕಡೆ ‘ಕೊಳ್ಳುವವನೇ ಎಚ್ಚರವಾಗಿರಲಿ’ ಎಂಬ ಮಾತು ನಡೆಯದು ಎಂದ. ತಿಪ್ಪೆಗೆ ಸುರಿಯುವುದಕ್ಕಾಗಿ ಯಾರೂ ಹಣ ಕೊಟ್ಟು ಕೊಳ್ಳುವುದಿಲ್ಲ ಎಂಬುದು ಅವನ ವಾದದ ಸಾರ. ವ್ಯಾಪಾರ ಕೊಳ್ಳುವವನ ಕಣ್ಣನ್ನು ಕಸಿದುಕೊಂಡರೆ ಆ ಕಣ್ಣಿನ ಕೆಲಸದ ಹೊಣೆಯನ್ನು ಮಾರುವವನು ಹೊರಬೇಕು ಎಂದು ಇದರ ಅರ್ಥ.

ಈ ವಿಚಾರ ಇಂಗ್ಲೆಂಡಿನ 1893ರ ಸರಕು ಮಾರಾಟ ಕಾಯಿದೆಯಲ್ಲಿ ಸೇರಿತು. ಅದರ ಮಾದರಿಯಲ್ಲೇ ಭಾರತದ 1930ರ ಸರಕು ಮಾರಾಟ ಕಾಯಿದೆ ರೂಪುಗೊಂಡಿತು. ಅದು ಇಂದಿಗೂ ಜಾರಿಯಲ್ಲಿದೆ. ವರ್ಣನೆಯ ಆಧಾರದ ಮೇಲೆ ಮಾರಿದ ಸರಕು ಆ ವರ್ಣನೆಗೆ ಹೊಂದಬೇಕೆಂದು ಇದರ 15ನೇ ಕಲಂ ಹೇಳುತ್ತದೆ. ಅಂಥ ಸರಕಿನ ವ್ಯಾಪಾರಿಯಿಂದಲೇ ಕೊಂಡಿದ್ದರೆ ಅದು ಮಾರಲು ಯೋಗ್ಯವಾದ ಗುಣಮಟ್ಟದ್ದಾಗಿರಬೇಕು ಎಂಬುದು 16ನೆಯದು. ಕೊಂಡವನು ಮೊದಲೇ ಪರೀಕ್ಷಿಸಿದ್ದರೆ, ಆ ಪರೀಕ್ಷೆಯಲ್ಲಿ ಕಾಣಬೇಕಾಗಿದ್ದ ದೋಷಕ್ಕೆ ಮಾತ್ರ ಈ ರಕ್ಷಣೆ ಇಲ್ಲ. ಮೊದಲು ನೋಡದೆ ಕೊಂಡವನು, ಪರೀಕ್ಷಿಸಲು ಸಾಕಷ್ಟು ಅವಕಾಶ ಸಿಗುವವರೆಗೆ ಸರಕನ್ನು ಒಪ್ಪಿಕೊಂಡಂತಾಗುವುದಿಲ್ಲ ಎಂದು 41ನೇ ಕಲಂ ಹೇಳುತ್ತದೆ. ಪೆಟ್ಟಿಗೆಗೆ ಸಹಿ ಹಾಕಿದ ಮಾತ್ರಕ್ಕೆ ಸೈಕಲನ್ನು ಒಪ್ಪಿದಂತಲ್ಲ. ಅಂತರಜಾಲದ ಹೆಸರೇ ಇಲ್ಲದ ಕಾಲದ ಕಾನೂನು ಇಂದಿನ ಪೆಟ್ಟಿಗೆಗೆ ಇಷ್ಟು ಚೆನ್ನಾಗಿ ಹೊಂದುವುದು ಸ್ವಾರಸ್ಯದ ಸಂಗತಿ.

ಹಾಗಿದ್ದರೂ ಹಿಂದೆ ಸೈಕಲ್ ಕೊಂಡವರಿಗೆ ಈ ಕಾನೂನಿನ ನೆನಪು ಬರುತ್ತಿದ್ದುದು ಅಪರೂಪ. ಸ್ವಾತಂತ್ರ್ಯದ ನಂತರ ಮದ್ರಾಸಿನ ಅಂಬತ್ತೂರಿನ ಟಿ.ಐ. ಸೈಕಲ್ಸ್ (1949), ಸೋನೀಪತ್ತಿನ ಅಟ್ಲಾಸ್ (1951), ಲುಧಿಯಾನದ ಹೀರೊ (1956) ಮುಂತಾದ ಕಂಪೆನಿಗಳು ಹುಟ್ಟಿ ಊರೂರಿಗೆ ಸೈಕಲ್ ಮುಟ್ಟಿಸಿದವು. ಆಗಲೂ ಅಂಗಡಿಗೆ ಬರುತ್ತಿದ್ದುದು ಬಿಡಿಭಾಗಗಳೇ. ಆದರೆ ಕಾರ್ಖಾನೆಗೂ ಕೊಳ್ಳುವವನಿಗೂ ನಡುವೆ ಒಬ್ಬ ಮನುಷ್ಯನಿದ್ದ: ಸೈಕಲ್ ಷಾಪಿನ ಮೆಕ್ಯಾನಿಕ್. ಕಡ್ಡಿ ಬಿಗಿದು ಚಕ್ರದ ಬೆಂಡ್ ತೆಗೆಯುವುದು, ಗುಂಡುಗಳಿಗೆ ಗ್ರೀಸ್ ಹಾಕುವುದು, ಬ್ರೇಕ್ ಹೊಂದಿಸುವುದು ಅವನ ಕೆಲಸ. ಕೊಂಡವನು ಅಂಗಡಿಯ ಮುಂದೆಯೇ ಒಂದು ಸುತ್ತು ಹೊಡೆದು ನೋಡುತ್ತಿದ್ದ. ತಿಂಗಳ ನಂತರ ಏನಾದರೂ ಸಡಿಲವಾದರೆ ಅದೇ ಅಂಗಡಿಗೆ ಹೋಗಿ ಕೇಳುತ್ತಿದ್ದ. ಇಬ್ಬರೂ ಒಂದೇ ಊರಿನವರು. ಮುಖ ನೋಡಿ ಬದುಕಬೇಕಾದವರು.

ದೂರದ ವ್ಯಾಪಾರದಲ್ಲಿ ಇಂಥ ದಾಕ್ಷಿಣ್ಯಕ್ಕೆ ಎಡೆಯಿಲ್ಲ. ಅಮೆರಿಕದ ಆರನ್ ಮಾಂಟ್‌ಗೊಮರಿ ವಾರ್ಡ್ 1872ರಲ್ಲಿ ಷಿಕಾಗೊದಿಂದ ಒಂದು ಹಾಳೆಯ ಬೆಲೆಪಟ್ಟಿ ಅಚ್ಚು ಹಾಕಿಸಿ ಹಳ್ಳಿಯ ರೈತರಿಗೆ ಅಂಚೆಯ ಮೂಲಕ ಸರಕು ಮಾರತೊಡಗಿದಾಗ ಜನ ಸಂಶಯಪಟ್ಟರು. ಮರುವರ್ಷ ‘ಷಿಕಾಗೊ ಟ್ರಿಬ್ಯೂನ್’ ಪತ್ರಿಕೆ ಇದು ಮೋಸವೆಂದೇ ಬರೆದು, ಆಮೇಲೆ ಆ ಮಾತನ್ನು ಹಿಂದಕ್ಕೆ ಪಡೆಯಿತು. 1875ರಲ್ಲಿ ವಾರ್ಡ್, ಸರಕು ತೃಪ್ತಿ ಕೊಡದಿದ್ದರೆ ಹಣ ವಾಪಸು ಎಂದು ಘೋಷಿಸಿದ. ಇದು ಬರಿಯ ಔದಾರ್ಯವಲ್ಲ. ನೋಡದೆ ಹಣ ಕೊಡುವವರಿಗೆ ಧೈರ್ಯ ತುಂಬದೆ ವ್ಯಾಪಾರವೇ ಸಾಗದು ಎಂಬ ಲೆಕ್ಕಾಚಾರ. 1890ರ ದಶಕದಲ್ಲಿ ಅಮೆರಿಕಕ್ಕೆ ಸೈಕಲಿನ ಹುಚ್ಚು ಹಿಡಿದಾಗ ಇಂಥ ಬೆಲೆಪಟ್ಟಿಗಳಲ್ಲಿ ಸೈಕಲ್ಲುಗಳೂ ಸೇರಿದವು. ಅಂಚೆಯಲ್ಲಿ ಸೈಕಲ್ ತರಿಸುವುದು ನಮ್ಮ ಕಾಲದ ಆವಿಷ್ಕಾರವೇನಲ್ಲ.

ನಮ್ಮಲ್ಲಿ ಈ ಬಗೆಯ ವ್ಯಾಪಾರಕ್ಕೆ ದಾರಿ ಮಾಡಿಕೊಟ್ಟದ್ದು ವಿ.ಪಿ.ಪಿ. ಅಂಚೆ ಇಲಾಖೆ 1877ರಲ್ಲಿ ಆರಂಭಿಸಿದ ಈ ವ್ಯವಸ್ಥೆಯಲ್ಲಿ ಪೋಸ್ಟ್‌ಮನ್‌ಗೆ ಹಣ ಕೊಟ್ಟು ಪೊಟ್ಟಣ ಬಿಡಿಸಿಕೊಳ್ಳಬೇಕು. ಪುಸ್ತಕ, ಗಡಿಯಾರ, ಔಷಧಿಗಳು ಹೀಗೆ ಹಳ್ಳಿಹಳ್ಳಿಗೂ ಬಂದವು. ಆದರೆ ಮೊದಲು ಹಣ, ಆಮೇಲೆ ಪೊಟ್ಟಣ ಬಿಚ್ಚುವುದು. ಗಡಿಯಾರದ ಬದಲು ಕಲ್ಲಿನ ಚೂರು ಬಂದ ಕಥೆಗಳನ್ನು ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಮೋಸಹೋದವನಿಗೆ 1930ರ ಕಾಯಿದೆಯ ಬೆಂಬಲವಿತ್ತು ನಿಜ. ಆದರೆ ಕೆಲವೇ ರೂಪಾಯಿಯ ವಸ್ತುವಿಗಾಗಿ ಸಿವಿಲ್ ನ್ಯಾಯಾಲಯದ ಮೆಟ್ಟಿಲು ಹತ್ತಿ, ವಕೀಲರನ್ನು ಹಿಡಿದು, ದೂರದ ಊರಿನ ವ್ಯಾಪಾರಿಯ ಮೇಲೆ ದಾವೆ ಹೂಡುವವರು ಯಾರು? ಹಕ್ಕಿನ ಕೊರತೆಗಿಂತ ಹಕ್ಕನ್ನು ಕೇಳುವ ಜಾಗದ ದೂರವೇ ದೊಡ್ಡ ಅಡ್ಡಿಯಾಗಿತ್ತು.

ಆ ದೂರವನ್ನು ತಗ್ಗಿಸುವ ಕೆಲಸ ಎರಡು ಹಂತಗಳಲ್ಲಿ ನಡೆಯಿತು. ಅಮೆರಿಕದ ಅಧ್ಯಕ್ಷ ಕೆನಡಿ 1962ರ ಮಾರ್ಚ್ 15ರಂದು ಗ್ರಾಹಕರ ನಾಲ್ಕು ಹಕ್ಕುಗಳನ್ನು ಕುರಿತು ಅಲ್ಲಿಯ ಸಂಸತ್ತಿಗೆ ಸಂದೇಶ ಕಳಿಸಿದ ಮೇಲೆ ಈ ವಿಚಾರ ಜಗತ್ತಿನಲ್ಲಿ ಹಬ್ಬಿತು. ಭಾರತದಲ್ಲಿ 1986ರ ಡಿಸೆಂಬರ್ 24ರಂದು ಗ್ರಾಹಕ ರಕ್ಷಣಾ ಕಾಯಿದೆಗೆ ರಾಷ್ಟ್ರಪತಿಯ ಅಂಕಿತ ಬಿತ್ತು. ಜಿಲ್ಲೆಗೊಂದು ವೇದಿಕೆ, ವಕೀಲರಿಲ್ಲದೆಯೂ ದೂರು ಕೊಡುವ ಸೌಲಭ್ಯ ದೊರೆತವು. ಆದರೆ ದೂರನ್ನು ಎದುರುದಾರನ ಊರಿನಲ್ಲಿ, ಇಲ್ಲವೇ ವ್ಯಾಜ್ಯದ ಕಾರಣ ಹುಟ್ಟಿದ ಜಾಗದಲ್ಲಿ ಕೊಡಬೇಕಾಗಿತ್ತು. ಅಂತರಜಾಲದ ಖರೀದಿಯಲ್ಲಿ ಕಾರಣ ಹುಟ್ಟಿದ್ದು ಎಲ್ಲಿ ಎಂಬುದೇ ವಾದದ ವಸ್ತುವಾಗುತ್ತಿತ್ತು. 2020ರ ಜುಲೈನಲ್ಲಿ ಜಾರಿಗೆ ಬಂದ 2019ರ ಹೊಸ ಕಾಯಿದೆ ಈ ಗಂಟನ್ನು ಬಿಡಿಸಿತು. ಕೊಂಡವರು ತಾವು ವಾಸಿಸುವ ಅಥವಾ ಕೆಲಸ ಮಾಡುವ ಊರಿನ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಮಾರಿದವನು ಲುಧಿಯಾನದಲ್ಲಿರಲಿ, ದೆಹಲಿಯಲ್ಲಿರಲಿ, ರಾಯಚೂರಿನವರು ರಾಯಚೂರಿನಲ್ಲೇ ಕೇಳಬಹುದು.

ಸೈಕಲಿನ ದೋಷ ಹಣದ ನಷ್ಟಕ್ಕೆ ಮುಗಿಯುವಂಥದ್ದಲ್ಲ ಎಂಬುದನ್ನೂ ಇಲ್ಲಿ ನೆನೆಯಬೇಕು. ಇಳಿಜಾರಿನಲ್ಲಿ ಬ್ರೇಕ್ ಹಿಡಿಯದಿದ್ದರೆ ಹೋಗುವುದು ಮಗುವಿನ ಹಲ್ಲೋ ಕೈಯೋ, ಕೆಲವೊಮ್ಮೆ ಜೀವವೋ. ಇಂಥ ಹಾನಿಗೆ ತಯಾರಕನನ್ನು ನೇರವಾಗಿ ಕೇಳುವ ಹಕ್ಕು ಗಟ್ಟಿಯಾದದ್ದೂ ಒಂದು ಚಕ್ರದಿಂದಲೇ. ನ್ಯೂಯಾರ್ಕ್ ರಾಜ್ಯದ ಮ್ಯಾಕ್‌ಫರ್ಸನ್ ಎಂಬಾತ ಬ್ಯೂಕ್ ಕಾರನ್ನು ಕೊಂಡದ್ದು ವ್ಯಾಪಾರಿಯಿಂದ. ಚಕ್ರದ ಮರದ ಕಡ್ಡಿಗಳು ಪುಡಿಯಾಗಿ ಅವನು ಗಾಯಗೊಂಡ. ತನಗೂ ಅವನಿಗೂ ಒಪ್ಪಂದವೇ ಇಲ್ಲ, ಚಕ್ರವನ್ನು ತಾನು ಮಾಡಿದ್ದೂ ಅಲ್ಲ ಎಂದು ಕಂಪೆನಿ ವಾದಿಸಿತು. 1916ರಲ್ಲಿ ನ್ಯಾಯಾಧೀಶ ಬೆಂಜಮಿನ್ ಕಾರ್ಡೋಜೊ ಆ ವಾದವನ್ನು ತಳ್ಳಿಹಾಕಿದ. ನಮ್ಮ 2019ರ ಕಾಯಿದೆಯಲ್ಲಿ ಉತ್ಪನ್ನದ ಹೊಣೆಗಾರಿಕೆಗೆ ಒಂದು ಅಧ್ಯಾಯವೇ ಇದೆ. ಬಳಕೆಯ ಬಗ್ಗೆ ಸಾಕಷ್ಟು ಸೂಚನೆ ಕೊಡದೆ ಹಾನಿಯಾದರೆ ತಯಾರಕ ಹೊಣೆ. ಜೋಡಣೆ, ತಪಾಸಣೆಗಳಲ್ಲಿ ಎಚ್ಚರ ವಹಿಸದೆ ಹಾನಿಯಾದರೆ ಮಾರಾಟಗಾರ ಹೊಣೆ. ‘ಜೋಡಿಸಿದ್ದು ನೀವು’ ಎಂಬ ಮಾತಿನಿಂದ ಅವರು ಸುಲಭವಾಗಿ ಪಾರಾಗಲಾರರು.

ಆದರೂ ಆ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಸೈಕಲಿನ ಎಡ ಪೆಡಲಿನ ಮರೆ ಉಲ್ಟಾ ತಿರುಗುತ್ತದೆ. ಬಲದ್ದರಂತೆ ಬಲವಂತವಾಗಿ ತಿರುವಿದರೆ ಕ್ರ್ಯಾಂಕಿನ ಮರೆ ಸವೆದುಹೋಗುತ್ತದೆ. ಮುಂದಿನ ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದೂ ಹೊಸಬರು ಮಾಡುವ ತಪ್ಪು. ಇವು ತಯಾರಿಕೆಯ ದೋಷಗಳಲ್ಲ. ಬಿರುಕುಬಿಟ್ಟ ಬೆಸುಗೆ, ಸೊಟ್ಟಗಿರುವ ಚೌಕಟ್ಟು, ತೂತೇ ತಪ್ಪಾಗಿ ಕೊರೆದ ಭಾಗ – ಇವು ಜೋಡಿಸುವವನ ಕೈಯಿಂದ ಬಂದವಲ್ಲ. ವ್ಯತ್ಯಾಸವನ್ನು ಹೇಳಬಲ್ಲವನು ಬೀದಿ ಮೂಲೆಯ ಮೆಕ್ಯಾನಿಕ್ಕೇ. ನೂರಿನ್ನೂರು ರೂಪಾಯಿ ಉಳಿಸಲು ಅವನನ್ನು ಬಿಟ್ಟರೆ ಆಮೇಲೆ ಸಾಕ್ಷಿಯೂ ಇಲ್ಲದಂತಾಗುತ್ತದೆ.

ಹಾಗಾಗಿ ಮೊದಲ ದಿನದ ಕೆಲಸವೇ ಮುಖ್ಯ. ಪೆಟ್ಟಿಗೆ ಬಿಚ್ಚುವ ಮೊದಲು ಮತ್ತು ಬಿಚ್ಚುವಾಗ ಫೋಟೊ ತೆಗೆಯಬೇಕು. ಬಿಲ್ಲು, ಪೆಟ್ಟಿಗೆ ಎರಡನ್ನೂ ಇಟ್ಟುಕೊಳ್ಳಬೇಕು. ದೋಷ ಕಂಡ ಮೇಲೆ ಸವಾರಿ ಮಾಡಬಾರದು. ಫೋನಿನಲ್ಲಿ ಹೇಳಿ ಸುಮ್ಮನಾಗದೆ ಬರವಣಿಗೆಯಲ್ಲಿ ತಿಳಿಸಬೇಕು. ಏಕೆಂದರೆ ಏನೂ ಹೇಳದೆ ಬಹಳ ಕಾಲ ಇಟ್ಟುಕೊಂಡರೆ ಸರಕನ್ನು ಒಪ್ಪಿಕೊಂಡಂತೆ ಎಂದು 1930ರ ಕಾಯಿದೆಯೇ ಹೇಳುತ್ತದೆ. ಒಪ್ಪಿದ ಮೇಲೆ ಸಾಮಾನ್ಯವಾಗಿ ಪರಿಹಾರ ಕೇಳಬಹುದೇ ಹೊರತು ಸೈಕಲನ್ನೇ ತಿರಸ್ಕರಿಸಲು ಬರುವುದಿಲ್ಲ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಮಾರಾಟ ತಾಣದ ದೂರು ಅಧಿಕಾರಿ 48 ಗಂಟೆಯೊಳಗೆ ದೂರು ತಲುಪಿದ್ದನ್ನು ತಿಳಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ದೋಷವುಳ್ಳ ಸರಕನ್ನು ಮಾರಾಟಗಾರ ವಾಪಸು ತೆಗೆದುಕೊಳ್ಳುವುದಿಲ್ಲ ಎನ್ನುವಂತಿಲ್ಲ. ಅಲ್ಲಿಗೂ ಬಗೆಹರಿಯದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಯ ದೂರಿಗೆ ಆಯೋಗದಲ್ಲಿ ಶುಲ್ಕವಿಲ್ಲ. ಕಾರಣ ಹುಟ್ಟಿದ ಎರಡು ವರ್ಷಗಳೊಳಗೆ ದೂರು ಕೊಡಬೇಕು, ಅಷ್ಟೇ.

ಬೆಜೋರ್ ಕಲ್ಲು ಕೊಂಡವನಿಗೆ 1603ರಲ್ಲಿ ಇವಾವುದೂ ಇರಲಿಲ್ಲ. ವಿ.ಪಿ.ಪಿ. ಪೊಟ್ಟಣದಲ್ಲಿ ಕಲ್ಲು ಕಂಡವನಿಗೆ ಹಕ್ಕಿದ್ದರೂ ಕೇಳುವ ಜಾಗ ಹತ್ತಿರವಿರಲಿಲ್ಲ. ಇಂದು ಎರಡೂ ಇವೆ. ಆದರೆ ಎಮ್ಮೆ ನೀರಿನಿಂದ ಮೇಲೆ ಬಂದ ದಿನವೇ ಅದರ ಕಾಲನ್ನು ನೋಡಬೇಕಾದವರು ಕೊಂಡವರೇ. ಆ ಕೆಲಸವನ್ನು ಯಾವ ಕಾಯಿದೆಯೂ ಅವರ ಪರವಾಗಿ ಮಾಡಿಕೊಡುವುದಿಲ್ಲ.